ಗರಿಕೆ ತಿಂದ ಹಸು

ಹುಲ್ಲುಹಾಸು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಮೊಮ್ಮಕ್ಕಳು ಸಂಜೆ ಪಾರ್ಕಿಗೆ ಕರೆದುಕೊಂಡು ಹೋಗಿ, ಇಲ್ಲಿ ಕೂತುಕೋ ಅಜ್ಜಿ, ಎಷ್ಟು ಮೆತ್ತಗಿದೆ ನೋಡು ಅಂತ ಹುಲ್ಲು ತೋರಿಸುತ್ತಾರೆ. ನಾನು ಕಲ್ಲುಬೆಂಚಿನ ಮೇಲೇ ಕೂರುತ್ತೇನೆ. ಪಾಪ, ಅಜ್ಜಿಗೆ ಮಂಡಿ ನೋವು ಅಂದುಕೊಳ್ಳುತ್ತಾರೆ. ನನ್ನ ಮಂಡಿ ಚೆನ್ನಾಗಿಯೇ ಇದೆ. ನನಗಿರುವುದು ಸಿಟ್ಟು, ಅದೂ ನಮ್ಮಪ್ಪನ ಮೇಲೆ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು, ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅಂತ ನನ್ನ ತಂಗಿ ಬುದ್ಧಿ ಹೇಳುತ್ತಾಳೆ. ಅವಳು ಆಗ ತೊಟ್ಟಿಲಲ್ಲಿದ್ದಳು, ಅವಳಿಗೇನು ಗೊತ್ತು. ಅಮ್ಮನ ಜೊತೆ ಮಣ್ಣು ಹೊತ್ತವಳು ನಾನು.

ಅಪ್ಪ ಕೋಲಾರದ ಚಿನ್ನದ ಗಣಿಯಲ್ಲಿ ಗುಮಾಸ್ತರಾಗಿದ್ದರು. ಹುಟ್ಟಿದ್ದು ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿ, ರಾಗಿ ಹುರುಳಿ ಬೆಳೆದು ತಿನ್ನುವ ಮನೆಯಲ್ಲಿ. ಅವರ ಅಪ್ಪ, ಅಣ್ಣಂದಿರು ಎಲ್ಲ ನೇಗಿಲು ಹಿಡಿದವರು. ಇವರೊಬ್ಬರು ಇಂಗ್ಲಿಷ್ ಕಲಿತು, ಕೋಟು ಹೊಲಿಸಿಕೊಂಡು, ರುಮಾಲು ಸುತ್ತಿ ಗಣಿಯ ಆಫೀಸು ಸೇರಿದರು. ಸೇರಿದ ಮೇಲೆ ಊರಿನ ಮಣ್ಣನ್ನು ಮೈಮೇಲಿಂದ ತೊಳೆದುಕೊಳ್ಳುವುದೇ ಅವರ ದೊಡ್ಡ ಕೆಲಸವಾಯಿತು. ಹಳ್ಳಿಯಿಂದ ದಾಯಾದಿಗಳು ಬಂದರೆ ಹಿತ್ತಲ ಬಾಗಿಲಿಂದ ಬರಬೇಕು. ಮನೆಯಲ್ಲಿ ಮುದ್ದೆ ಮಾಡಿದ ದಿನ ಬೀದಿ ಬಾಗಿಲು ಹಾಕಿಸುವರು. ಮುದ್ದೆಯಿಲ್ಲದೆ ಅವರಿಗೆ ಹೊಟ್ಟೆ ತುಂಬುತ್ತಿರಲಿಲ್ಲ, ಆದರೆ ಅದನ್ನು ನುಂಗುವುದನ್ನು ಪಕ್ಕದ ಮನೆಯವರು ನೋಡಬಾರದಿತ್ತು.

ಆಂಡರ್ಸನ್‌ಪೇಟೆ ದಾಟಿ ಗಣಿಯ ಕಡೆ ಏರುವ ರಸ್ತೆಯಲ್ಲಿ ಗುಮಾಸ್ತರಿಗೆ ಅಂತ ಕಟ್ಟಿದ ಮನೆಗಳ ಒಂದು ಸಾಲಿತ್ತು. ಹಿಂದೆ ಹಿತ್ತಲು, ಮುಂದೆ ಅಂಗಳ. ಮನೆ ಕಟ್ಟುವಾಗ ತಳಪಾಯ ತೋಡಿ ತೆಗೆದ ಅಡಿಮಣ್ಣನ್ನೆಲ್ಲ ಮುಂದಕ್ಕೆ ಎಳೆದು, ದಿಮ್ಮಸು ಹೊಡೆದು ಸಮ ಮಾಡಿಬಿಟ್ಟಿದ್ದರು. ಶುದ್ಧ ಜೇಡಿಮಣ್ಣು. ಬೇಸಿಗೆಯಲ್ಲಿ ಅದು ಸೀಳುಬಿಟ್ಟು ನಮ್ಮ ಕಾಲುಬೆರಳು ಸಿಕ್ಕಿಕೊಳ್ಳುತ್ತಿತ್ತು. ಮಳೆ ಬಿದ್ದರೆ ಹೆಜ್ಜೆಗೊಂದು ಸೇರು ಮಣ್ಣು ಅಂಗಾಲಿಗೆ ಅಂಟಿಕೊಂಡು ಮನೆಯೊಳಕ್ಕೆ ಬರುತ್ತಿತ್ತು. ನೀರು ಇಂಗುತ್ತಿರಲಿಲ್ಲ, ನಿಂತು ಪಾಚಿ ಕಟ್ಟುತ್ತಿತ್ತು. ಅಲ್ಲಿ ಬದುಕಿದ್ದ ಹಸಿರು ಅಂದರೆ ಗೋಡೆ ಬುಡದ ಒಂದು ಎಕ್ಕದ ಗಿಡ.

ಹಿತ್ತಲಿನ ತಗಡಿನ ಕೊಟ್ಟಿಗೆಯಲ್ಲಿ ಅಮ್ಮನ ಹಸು ಇತ್ತು. ಅಮ್ಮನ ಹಸು ಅಂತಲೇ ಹೇಳಬೇಕು. ಕಾಮಸಮುದ್ರದ ಕಡೆಯ ತವರಿನಿಂದ ಮದುವೆಯಲ್ಲಿ ಬಳುವಳಿಯಾಗಿ ಬಂದ ಕರು ಬೆಳೆದು ಹಸುವಾಗಿತ್ತು. ನಾಡಹಸು, ಕಂದು ಬಣ್ಣ, ಕೊಂಬು ಒಂದು ಒಳಕ್ಕೆ ತಿರುಗಿತ್ತು. ಹೆಚ್ಚು ಹಾಲೇನೂ ಕೊಡುತ್ತಿರಲಿಲ್ಲ. ಆದರೆ ಆ ಊರಿನಲ್ಲಿ ಅಮ್ಮನಿಗೆ ತನ್ನದು ಅಂತ ಇದ್ದದ್ದು ಅದೊಂದೇ. ಗಣಿ ಕೆಲಸದವರ ಲೈನುಮನೆಗಳಿಂದ ತಮಿಳು ಹೆಂಗಸರು ಮಜ್ಜಿಗೆಗೆ ಬರುತ್ತಿದ್ದರು. ಅವರಿಗೆ ಅಮ್ಮನ ಹೆಸರು ಗೊತ್ತಿರಲಿಲ್ಲ, ಹಸು ಇಟ್ಟುಕೊಂಡಿರುವ ಅಮ್ಮ ಅಂತ ಅವರ ಭಾಷೆಯಲ್ಲಿ ಮಾಟ್ಟುಕಾರಮ್ಮ ಅಂತ ಕೂಗುವರು. ಅವರು ತಮಿಳಿನಲ್ಲಿ, ಅಮ್ಮ ಕನ್ನಡದಲ್ಲಿ, ನಡುವೆ ಎರಡೂ ಕಡೆಯಿಂದ ಒಂದಿಷ್ಟು ತೆಲುಗು ಹಾಕಿಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತು ಮಾತಾಡುವರು. ಅಮ್ಮ ನಗುತ್ತಿದ್ದದ್ದು ಆಗ. ಆ ಹೆಸರು ಕಿವಿಗೆ ಬಿದ್ದರೆ ಅಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಗುಮಾಸ್ತರ ಹೆಂಡತಿಯನ್ನು ದನ ಕಾಯುವವಳ ಹಾಗೆ ಕೂಗುತ್ತಾರೆ ಅಂತ.

ಅಮ್ಮ ಕೇಳಿದ್ದು ದೊಡ್ಡದೇನೂ ಅಲ್ಲ. ಮುಂದಿನ ಅಂಗಳವನ್ನು ಹದ ಮಾಡಿಕೊಂಡು ಒಂದೆರಡು ಪಾತಿ ಸೊಪ್ಪು, ನಾಲ್ಕು ಬದನೆ ಗಿಡ, ಬೇಲಿಗೆ ಅವರೆ ಬಳ್ಳಿ. ಹಸುವಿನ ಗೊಬ್ಬರ ಗಿಡಕ್ಕೆ, ಗಿಡದ ಕಸ ಹಸುವಿಗೆ. ಅಷ್ಟೇ ಅವಳ ಲೆಕ್ಕಾಚಾರ. ಅಪ್ಪ ಒಂದೇ ಮಾತಿಗೆ ಹೊಡೆದುಹಾಕಿದರು.

"ಇದೇನು ನಿಮ್ಮೂರಿನ ಹಿತ್ತಲು ಅಂದ್ಕೊಂಡೆಯಾ? ಆಫೀಸಿನವರು ಓಡಾಡೋ ರಸ್ತೆ. ಬದನೆಕಾಯಿ ಬೆಳೀತಾಳಂತೆ."

ಅವರ ತಲೆಯಲ್ಲಿ ಆಗಲೇ ಲಾನು ಕೂತಿತ್ತು. ಮೇಲಿನ ದಿಣ್ಣೆಯಲ್ಲಿ ಗಣಿಯ ಇಂಗ್ಲಿಷ್ ದೊರೆಗಳ ಬಂಗಲೆಗಳಿದ್ದವು, ಅವುಗಳ ಮುಂದೆ ಹುಲ್ಲು ಕತ್ತರಿಸಿ ಜಮಖಾನ ಹಾಸಿದಂತೆ ಇಟ್ಟಿರುತ್ತಿದ್ದರು. ಅಪ್ಪ ಯಾವುದೋ ಕಾಗದಕ್ಕೆ ರುಜು ಹಾಕಿಸಿಕೊಳ್ಳಲು ತಮ್ಮ ದೊರೆಯ ಬಂಗಲೆಗೆ ಹೋದಾಗ ಆ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಅವರೆಲ್ಲ ಟೀ ಕುಡಿಯುತ್ತಿದ್ದರಂತೆ. ಇವರನ್ನು ಹುಲ್ಲಿನ ಅಂಚಿನಲ್ಲಿ ನಿಲ್ಲಿಸಿದ್ದರು. ಚಪ್ಪಲಿ ಬಿಟ್ಟು ನಿಂತಿದ್ದೆ ಅಂತ ಅವರೇ ಒಂದು ಸಲ ಬಾಯಿತಪ್ಪಿ ಹೇಳಿದ್ದರು. ಅಲ್ಲಿಂದ ಬಂದವರು, ನಮ್ಮ ಅಂಗಳದಲ್ಲೂ ಲಾನು ಮಾಡುತ್ತೇನೆ, ಒಂದು ದಿನ ದೊರೆಯನ್ನೇ ಕರೆದು ಅದರ ಮೇಲೆ ಕೂರಿಸಿ ಟೀ ಕೊಡುತ್ತೇನೆ ಅಂದರು. ಅವಮಾನವಾಗಿದ್ದು ದೊರೆಯ ಬಂಗಲೆಯಲ್ಲಿ. ಅದನ್ನು ತೀರಿಸಿಕೊಂಡದ್ದು ಅಮ್ಮನ ಬೆನ್ನಿನ ಮೇಲೆ. ಈ ಮಾತನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೋ, ಇವತ್ತು ಬರೆದೆ.

ಮೊದಲು ಮರಳಿನ ಕಥೆ. ಜೇಡಿಮಣ್ಣಿಗೆ ಮರಳು ಬೆರೆಸಿದರೆ ಸಡಿಲವಾಗುತ್ತದೆ ಅಂತ ಆಫೀಸಿನಲ್ಲಿ ಯಾರೋ ಹೇಳಿದರು. ಒಳ್ಳೆಯ ದಪ್ಪ ಮರಳು ಬೇಕಾದರೆ ಹೊಳೆಯ ಕಡೆಗೆ ಗಾಡಿ ಕಟ್ಟಿಸಬೇಕು. ಅಷ್ಟು ದೂರ ಯಾಕೆ, ಎದುರಿಗೇ ಬೆಟ್ಟದಷ್ಟು ಬಿದ್ದಿದೆಯಲ್ಲ ಅಂತ ಅಪ್ಪ ಸೈನೈಡ್ ದಿಬ್ಬದಿಂದ ಗಾಡಿಯಲ್ಲಿ ತುಂಬಿಸಿ ತಂದರು. ಚಿನ್ನ ತೆಗೆದಾದ ಮೇಲೆ ಉಳಿದ ಕಲ್ಲುಪುಡಿ ಅದು, ರಾಗಿ ಹಿಟ್ಟಿಗಿಂತ ನುಣ್ಣಗೆ, ಬೂದಿ ಬಣ್ಣ. ಗಾಳಿ ಎದ್ದರೆ ಊರಿನವರ ಕಣ್ಣಿಗೆಲ್ಲ ಬೀಳುತ್ತಿತ್ತು. ಎಲ್ಲರೂ ಅದನ್ನು ಬೈಯುತ್ತ ಸೆರಗಿನಿಂದ ಮುಖ ಮುಚ್ಚಿಕೊಂಡು ಓಡಾಡುವರು, ನಮ್ಮಪ್ಪ ಒಬ್ಬರು ಅದನ್ನು ಮನೆಗೆ ಕರೆತಂದರು.

"ಆ ದಿಬ್ಬದ ಮ್ಯಾಲೆ ಒಂದು ಕಡ್ಡಿ ಉಲ್ಲಾದ್ರೂ ಉಟ್ಟೈತಾ? ಅದನ್ನ ತಂದು ಇಲ್ಲಿ ಉಲ್ಲು ಬೆಳೀತೀನಿ ಅಂತೀರಲ್ಲ" ಅಂದಳು ಅಮ್ಮ.

"ನಿನ್ನನ್ನ ಕೇಳಿದ್ನಾ?"

ಕೇಳಿರಲಿಲ್ಲ. ಪಿಕಾಸಿಯಿಂದ ಅಗೆದದ್ದು ಒಬ್ಬ ಕೂಲಿಯಾಳು, ಅದೂ ಒಂದು ದಿನ. ಆ ಪುಡಿಯನ್ನು ಮಂಕರಿಯಲ್ಲಿ ಹೊತ್ತು ಹರಡಿ ಬೆರೆಸಿದವರು ಅಮ್ಮ ಮತ್ತು ನಾನು. ಅಪ್ಪ ಜಗುಲಿಯ ಮೇಲೆ ನಿಂತು ಆ ಮೂಲೆ ಸಾಲದು, ಈ ಮೂಲೆ ಸಾಲದು ಅನ್ನುತ್ತಿದ್ದರು. ಒಂದು ಮಳೆ ಬಿತ್ತು, ಎರಡು ದಿನ ಬಿಸಿಲು ಕಾಯಿತು. ಅಂಗಳ ಗಾರೆ ಹಾಕಿದ ಹಾಗಾಯಿತು. ನಾಟಿದ ಹುಲ್ಲು ವಾರದೊಳಗೆ ಬೆಂಕಿಗೆ ಹಿಡಿದಂತೆ ಹಳದಿಯಾಗಿ ಸತ್ತಿತು. ಆ ಪದರವನ್ನೆಲ್ಲ ಮತ್ತೆ ಕೆರೆದು ಹೊತ್ತು ಆಚೆ ಹಾಕಬೇಕಾಯಿತು. ಹಾಕಿದವರು ಯಾರು ಅಂತ ನಾನು ಬೇರೆ ಹೇಳಬೇಕಾಗಿಲ್ಲ. ತಂಗಿ ಕಂಕುಳಲ್ಲಿ ಅಳುತ್ತಿದ್ದಳು, ಅಮ್ಮನ ಅಂಗೈ ಬೊಬ್ಬೆ ಒಡೆದು ಮಂಕರಿಯ ಅಂಚಿಗೆ ರಕ್ತ ಅಂಟುತ್ತಿತ್ತು. ಅಪ್ಪ ಆ ಮರಳಿನ ಮಾತನ್ನೇ ಆಮೇಲೆ ಎತ್ತಲಿಲ್ಲ, ಯಾರೋ ಬೇರೆಯವರು ಮಾಡಿಹೋದ ಕೆಲಸವೇನೋ ಅನ್ನುವ ಹಾಗೆ ಇದ್ದುಬಿಟ್ಟರು.

ನನಗೆ ಇನ್ನೂ ಸಿಟ್ಟು ಬರುವುದು ಇದಕ್ಕೆ: ಅವರಿಗೆ ಗೊತ್ತಿತ್ತು. ಗಟ್ಟಿ ಮಣ್ಣನ್ನು ಹೇಗೆ ಹದ ಮಾಡಬೇಕು ಅಂತ ಅಪ್ಪನಿಗೆ ಚೆನ್ನಾಗಿಯೇ ಗೊತ್ತಿತ್ತು. ಅವರಪ್ಪ ಊರಿನಲ್ಲಿ ಅಂಥದೇ ಒಂದು ಹೊಲವನ್ನು ಬಗ್ಗಿಸಿದ್ದು ಅವರ ಕಣ್ಣೆದುರಿಗೇ. ಹಳ್ಳಿಯ ವಿದ್ಯೆ ಅಂತ ಅದನ್ನು ಬಾಯಿಗೆ ತರಲು ನಾಚಿಕೆ. ಮರಳು ಕೈಕೊಟ್ಟ ಮೇಲೆ ಬೇರೆ ದಾರಿ ಕಾಣದೆ ತಮ್ಮ ಅಪ್ಪನ ವಿದ್ಯೆಯನ್ನು ಹೊರಗೆ ತೆಗೆದರು, ಅದನ್ನೂ ಏನೋ ಇಂಗ್ಲಿಷ್ ಪುಸ್ತಕದಲ್ಲಿ ಓದಿದವರ ಹಾಗೆ ನಮಗೆ ಪಾಠ ಹೇಳಿದರು.

ಬೇಸಿಗೆಯಲ್ಲಿ ಅಂಗಳವನ್ನೆಲ್ಲ ದೊಡ್ಡ ದೊಡ್ಡ ಹೆಂಟೆಗಳಾಗಿ ಎಬ್ಬಿಸಿ ಬಿಸಿಲಿಗೆ ಬಿಡಬೇಕು. ಒಡೆಯಲು ಹೋಗಬಾರದು. ಚೆನ್ನಾಗಿ ಕಾದ ಹೆಂಟೆ ಮುಂಗಾರಿನ ಮೊದಲ ಹನಿಗೆ ಸುಣ್ಣ ಅರಳಿದ ಹಾಗೆ ತಾನಾಗಿ ಅರಳುತ್ತದೆ. ಹಸಿ ಇರುವಾಗ ಅದರ ಮೇಲೆ ಕಾಲಿಡಬಾರದು, ಇಟ್ಟರೆ ಮತ್ತೆ ಕಲ್ಲಾಗುತ್ತದೆ. ಮೇಲೆ ಹೊಂಗೆ ಸೊಪ್ಪು ಮುಚ್ಚಿ ಕೊಳೆಯಲು ಬಿಡಬೇಕು. ಒಲೆಯ ಬೂದಿ, ಕಡಲೆಕಾಯಿ ಸಿಪ್ಪೆ, ಕಳಿತ ಗೊಬ್ಬರ ಎಲ್ಲ ಸೇರಿಸಿ ಮಗುಚಬೇಕು. ಒಂದು ಮಳೆಗಾಲಕ್ಕೆ ಮುಗಿಯುವುದಿಲ್ಲ, ಇನ್ನೊಂದು ಬೇಸಿಗೆ ಇದೇ ಕೆಲಸ ಮೊದಲಿಂದ. ಹೀಗೆಲ್ಲ ಹೇಳಿ ಅಪ್ಪ ಕೋಟು ಹಾಕಿಕೊಂಡು ಆಫೀಸಿಗೆ ಹೋದರು.

ಕಡಲೆಕಾಯಿ ಸಿಪ್ಪೆ ಬಂಗಾರಪೇಟೆಯಿಂದ ಗೋಣಿಯಲ್ಲಿ ರೈಲಿಗೆ ಬರುತ್ತಿತ್ತು. ಹೊಂಗೆ ಸೊಪ್ಪನ್ನು ಬೇತಮಂಗಲದ ರಸ್ತೆಯ ಮರಗಳಿಂದ ಅಮ್ಮ, ನಾನು ಹೊರೆ ಕಟ್ಟಿ ತರುತ್ತಿದ್ದೆವು. ಗೊಬ್ಬರಕ್ಕೆ ಹಸುವಿತ್ತು. ಅದುವರೆಗೆ ಅದರ ಸಗಣಿಯೆಲ್ಲ ಬೆರಣಿಯಾಗಿ ಹಿತ್ತಲ ಗೋಡೆಗೆ ಅಂಟಿಕೊಳ್ಳುತ್ತಿತ್ತು, ನೀರೊಲೆ ಉರಿಯುತ್ತಿದ್ದದ್ದು ಅದರಿಂದ. ಈಗ ಒಂದು ಹಿಡಿ ಸಗಣಿಯೂ ಗೋಡೆಗೆ ಹೋಗಬಾರದು, ಎಲ್ಲ ಗುಂಡಿಗೆ ಹೋಗಬೇಕು ಅಂತ ಅಪ್ಪನ ಅಪ್ಪಣೆಯಾಯಿತು. ಎರಡು ಚಳಿಗಾಲ ನಾವು ತಣ್ಣೀರು ಸ್ನಾನ ಮಾಡಿದೆವು. ಅಪ್ಪನ ಸ್ನಾನಕ್ಕೆ ಮಾತ್ರ ಅಮ್ಮ ಎಲ್ಲಿಂದಲೋ ಪುಳ್ಳೆ ಆರಿಸಿ ತಂದು ನೀರು ಕಾಯಿಸುತ್ತಿದ್ದಳು. ಹಸುವಿನ ಗಂಜಲವನ್ನು ಸಹ ಗಡಿಗೆಯಲ್ಲಿ ಹಿಡಿದು ನೀರು ಬೆರೆಸಿ ಅಂಗಳಕ್ಕೆ ಹಾಕುತ್ತಿದ್ದಳು.

ಮೂರನೆಯ ಮಳೆಗಾಲ ಬರುವ ಹೊತ್ತಿಗೆ ಆ ಅಂಗಳ ನೆಲವಾಯಿತು. ಕೈ ಹಾಕಿದರೆ ಮಣಿಕಟ್ಟಿನವರೆಗೆ ಇಳಿಯುತ್ತಿತ್ತು. ಮುಷ್ಟಿ ಕಟ್ಟಿ ಬಿಟ್ಟರೆ ಉಂಡೆಯಾಗಿ ನಿಂತು, ಬೆರಳು ತಾಕಿಸಿದರೆ ಪುಡಿಯಾಗುತ್ತಿತ್ತು. ಎರೆಹುಳು ಬಂದವು. ಮಳೆ ಸುರಿದರೂ ನೀರು ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಅಮ್ಮ ಆ ಮಣ್ಣನ್ನು ಬೊಗಸೆಯಲ್ಲಿ ತೆಗೆದು ಮೂಸಿ ನೋಡಿ, ಎಲ್ಲಿತ್ತೋ ಧೈರ್ಯ, ಹಲ್ಲುಜ್ಜುತ್ತಿದ್ದ ಅಪ್ಪನ ಹತ್ತಿರ ಹೋದಳು.

"ಏನಂದ್ರೆ, ಒಂದು ಮೂಲೆ ನಂಗೆ ಬಿಟ್ಕೊಡ್ರಿ. ರಸ್ತೆಗೆ ಕಾಣಾಕಿಲ್ಲ. ಸೊಪ್ಪು ಆಕ್ಕೊಂತೀನಿ."

"ಒಂದು ಗಿಡ ಹಾಕಿದರೂ ಬೇರುಸಮೇತ ಕಿತ್ತು ರಸ್ತೆಗೆ ಎಸೀತೀನಿ" ಅಂದರು ಅಪ್ಪ, ಬಾಯಿ ಮುಕ್ಕಳಿಸಿ ಉಗಿದು.

ಅಮ್ಮ ಬೊಗಸೆಯ ಮಣ್ಣನ್ನು ಅಲ್ಲೇ ಸುರಿದು ಒಳಗೆ ಹೋದಳು. ಅವಳಿಗೆ ಆಗ ಇದ್ದದ್ದು ಒಂದೇ ಸಮಾಧಾನ. ಗೊಬ್ಬರಕ್ಕೆ ಬೇಕಲ್ಲ, ಹಸುವಿನ ತಂಟೆಗೆ ಇವರು ಬರುವುದಿಲ್ಲ ಅಂತ ಅವಳು ಅಂದುಕೊಂಡಿದ್ದಳು. ನನಗೂ ಹಾಗೆಯೇ ಹೇಳಿದ್ದಳು.

ಹುಲ್ಲು ನಾಟುವ ದಿನ ಮಾತ್ರ ಅಪ್ಪ ತಾವೇ ಅಂಗಳಕ್ಕೆ ಇಳಿದರು. ಬಂಗಲೆಯ ಮಾಲಿಯಿಂದ ಒಂದು ಗೋಣಿ ಗರಿಕೆ ತರಿಸಿದ್ದರು. ಗಣಪತಿಗೆ ಏರಿಸುವ ಗರಿಕೆಯೇ, ದೊರೆಗಳ ಲಾನು ಅಂದರೆ ಅದೇ. ಬೇರಿರುವ ತುಂಡುಗಳನ್ನು ಕತ್ತರಿಸಿ, ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು ಸಾಲು ಹಿಡಿದು ನಾಟಿದರು. ಕೈ ಎಷ್ಟು ಚುರುಕಾಗಿ ಓಡುತ್ತಿತ್ತು ಅಂದರೆ, ರಾಗಿ ಪೈರು ನಾಟಿ ಬೆಳೆದ ಕೈ ಅದು ಅಂತ ಯಾರು ಬೇಕಾದರೂ ಹೇಳಬಹುದಿತ್ತು. ಆ ದಿನ ಅವರು ಹಾಡು ಗುನುಗುತ್ತಿದ್ದರು. ಅವರ ಮೇಲೆ ನನಗೆ ಕನಿಕರ ಹುಟ್ಟಿದ್ದರೆ ಅದು ಆ ಒಂದು ಮಧ್ಯಾಹ್ನ. ಆಮೇಲೆ ಅದನ್ನೂ ಅವರು ಉಳಿಸಲಿಲ್ಲ.

ಗರಿಕೆ ಹತ್ತಿತು. ಬೇತಮಂಗಲದ ಕೆರೆಯ ನೀರು ನಲ್ಲಿಗೆ ಬರುವ ಹೊತ್ತಿನಲ್ಲಿ ಮೊದಲ ಕೊಡ ಹುಲ್ಲಿಗೆ, ಆಮೇಲೆ ಅಡಿಗೆಮನೆಗೆ. ಮಣ್ಣು ಅಷ್ಟು ಚೆನ್ನಾಗಿದ್ದ ಮೇಲೆ ಹುಲ್ಲಿಗೆ ಇನ್ನೇನು ಬೇಕು, ತಿಂಗಳು ಕಳೆಯುವುದರೊಳಗೆ ಎಲ್ಲ ಕಡೆ ಕುಡಿ ಹರಿದು ಹಸಿರು ತೇಲಿತು. ಬರುವ ಭಾನುವಾರ ಟೀಗೆ ಬರಬೇಕು ಅಂತ ಅಪ್ಪ ದೊರೆಯನ್ನು ಕರೆದೂಬಿಟ್ಟರು.

ಆ ವಾರದಲ್ಲೇ ನಮ್ಮಜ್ಜಿ ಬಂದಳು, ಅಮ್ಮನ ತಾಯಿ. ಕಾಮಸಮುದ್ರದಲ್ಲಿ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಇಳಿದು ಗಣಿಯ ರೈಲು ಹಿಡಿದು, ತಲೆಯ ಮೇಲೆ ರಾಗಿಹಿಟ್ಟಿನ ಗಂಟು ಹೊತ್ತು ಬಂದಳು. ಮನೆಯಲ್ಲಿ ಯಾರೂ ಇರಲಿಲ್ಲ. ಅಪ್ಪ ಆಫೀಸಿನಲ್ಲಿ, ನಾನು ಸ್ಕೂಲಿನಲ್ಲಿ, ಅಮ್ಮ ತಂಗಿಗೆ ಜ್ವರ ಅಂತ ಆಸ್ಪತ್ರೆಯಲ್ಲಿ. ಅಜ್ಜಿ ಜಗುಲಿಯ ಮೇಲೆ ಗಂಟು ಇಳಿಸಿ ಅಂಗಳ ನೋಡಿದಳು. ಎಂಥ ಮಣ್ಣು, ಬೆಣ್ಣೆ ಹಾಗೆ ಹದವಾದ ಮಣ್ಣು. ಅದರ ತುಂಬ ಗರಿಕೆ.

ನೆಲ ಉಳುವವರಿಗೆ ಗರಿಕೆ ಅಂದರೆ ಏನು ಅಂತ ಪೇಟೆಯವರಿಗೆ ಗೊತ್ತಾಗುವುದಿಲ್ಲ. ಹೊಲಕ್ಕೆ ಒಂದು ಗೆಣ್ಣು ಗರಿಕೆ ಹೊಕ್ಕರೆ ಸಾಕು, ರಾಗಿ ಏಳುವುದಿಲ್ಲ. ಉತ್ತಷ್ಟೂ ತುಂಡಾಗಿ ತುಂಡಿಗೊಂದು ಗಿಡವಾಗುತ್ತದೆ. ಮನೆಮಂದಿಯೆಲ್ಲ ಬೇಸಿಗೆಯಿಡೀ ಕೂತು ಬೇರು ಆರಿಸುತ್ತಾರೆ. ಗರಿಕೆ ಬಿದ್ದ ಹೊಲದವರನ್ನು ಸೋಮಾರಿಗಳು ಅಂತ ಊರೇ ಆಡಿಕೊಳ್ಳುತ್ತದೆ, ಅಂಥ ಮನೆಗೆ ಹೆಣ್ಣು ಕೊಡಲು ಸಹ ಹಿಂದೆಮುಂದೆ ನೋಡುತ್ತಾರೆ. ಅಜ್ಜಿಗೆ ಕರುಳು ಚುರುಕ್ ಅಂದಿರಬೇಕು. ಕೂಸು ಕಟ್ಟಿಕೊಂಡು ಮಗಳಿಗೆ ಕಳೆ ತೆಗೆಯಲು ಆಗಿಲ್ಲ, ಅಳಿಯ ನೋಡಿದರೆ ಏನು ಅಂದಾನು ಅಂತ. ಕೊಟ್ಟಿಗೆಯಿಂದ ಕಳೆವಾರೆ ತಂದು ಕೂತಳು. ಅಜ್ಜಿಯ ಕೆಲಸ ಅಂದರೆ ಅರೆಬರೆ ಇಲ್ಲ. ಒಂದೊಂದು ಬುಡವನ್ನೂ ಬೇರಿನ ಕೊನೆಯವರೆಗೆ ಬಿಡಿಸಿ, ಮಣ್ಣು ಕೊಡವಿ, ತೊಟ್ಟಿಯ ನೀರಿನಲ್ಲಿ ತೊಳೆದು, ಹಿತ್ತಲಿಗೆ ಹೊತ್ತು ಹಸುವಿನ ಮುಂದೆ ಹಾಕಿದಳು. ನಾನು ಸ್ಕೂಲಿನಿಂದ ಬರುವಾಗ ಅಂಗಳದಲ್ಲಿ ಒಂದು ಎಳೆ ಹಸಿರಿರಲಿಲ್ಲ. ಅಜ್ಜಿ ಬೆವರು ಒರೆಸಿಕೊಳ್ಳುತ್ತಿದ್ದಳು, ಅಮ್ಮ ಆಗ ತಾನೇ ಬಂದು ಗೇಟಿನ ಹತ್ತಿರ ಕಂಬದ ಹಾಗೆ ನಿಂತಿದ್ದಳು.

"ಏನಮ್ಮಿ, ಇಂಥಾ ಮಣ್ಣು ಮಡಿಕ್ಕೊಂಡು ಗರಿಕೆ ಅತ್ತಿಸ್ಕೊಂಡಿದೀಯಲ್ಲ" ಅಂದಳು ಅಜ್ಜಿ. "ಎಲ್ಲಾ ತಗದಿವ್ನಿ. ಒಂದು ಬೇರು ಉಳಿದಿಲ್ಲ ನೋಡು. ನಾಳೀಕೆ ಸೊಪ್ಪಿನ ಬೀಜ ಚೆಲ್ಲು."

ಅಮ್ಮ ಹೊಸಿಲ ಮೇಲೆ ಕೂತುಬಿಟ್ಟಳು. ಮೊದಲು ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು. ಸೆರಗನ್ನು ಬಾಯಿಗೆ ತುರುಕಿಕೊಂಡು, ಮೈಯೆಲ್ಲ ಕುಲುಕಿಸಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಯಾಕೆ ನಗುತ್ತಿದ್ದಾಳೆ ಅಂತ ಗೊತ್ತಾಗದೆ ಅಜ್ಜಿಯೂ ನಕ್ಕಳು. ಸಂಜೆ ಅಪ್ಪ ಬರುವವರೆಗೆ ನಮ್ಮ ಮನೆಯಲ್ಲಿ ಆ ನಗು ಇತ್ತು.

ಅಪ್ಪ ಅಜ್ಜಿಯನ್ನು ನೇರವಾಗಿ ಬೈಯಲಿಲ್ಲ. ನಮ್ಮಲ್ಲಿ ಅತ್ತೆ ಅಳಿಯನ ಎದುರಿಗೆ ಬರುವುದಿಲ್ಲ, ಮುಖ ಕೊಟ್ಟು ಮಾತಾಡುವುದಿಲ್ಲ. ಅಳಿಯ ಬಂದರೆ ಅಜ್ಜಿ ತಲೆಯ ಮೇಲೆ ಸೆರಗು ಹೊದ್ದು ಅಡಿಗೆಮನೆಯ ಬಾಗಿಲ ಹಿಂದೆ ನಿಲ್ಲುವಳು. ಆ ಮರ್ಯಾದೆ ಅಪ್ಪನಿಗೆ ಆವತ್ತು ಅನುಕೂಲಕ್ಕೆ ಬಂತು. ಅಮ್ಮನ ಕಡೆ ತಿರುಗಿ ಬೈದರು, ಬಾಗಿಲ ಹಿಂದೆ ಕೇಳುವಷ್ಟು ಜೋರಾಗಿ. ಹಳ್ಳಿ ಗಮಾರರನ್ನು ಮನೆಗೆ ಸೇರಿಸಿಕೊಂಡರೆ ಇದೇ ಗತಿ ಅಂದರು. ಹುಲ್ಲಿಗೂ ಕಳೆಗೂ ವ್ಯತ್ಯಾಸ ತಿಳಿಯದವರು ಅಂದರು. ತಮ್ಮ ಮುಖ ನೋಡಿ ಮಾತಾಡಲಾಗದ, ತಿರುಗಿ ಉತ್ತರ ಕೊಡಲಾಗದ ಮುದುಕಿಯನ್ನು ಬಾಯಿಗೆ ಬಂದಂತೆ ಅಂದರು. ಅಜ್ಜಿಯ ಕೈಯಲ್ಲಿ ಇನ್ನೂ ಮಣ್ಣಿತ್ತು. ಬಾಗಿಲ ಸಂದಿಯಿಂದ ನನಗೆ ಕಾಣುತ್ತಿದ್ದದ್ದು ಆ ಕೈ ಮಾತ್ರ.

ಆಮೇಲೆ ಹಿತ್ತಲಿಗೆ ಹೋದರು. ಹಸು ಗರಿಕೆಯ ಕೊನೆಯ ಹಿಡಿಯನ್ನು ಮೆಲ್ಲುತ್ತಿತ್ತು. ಅದನ್ನು ಕಂಡು ಅಪ್ಪನಿಗೆ ಇನ್ನಷ್ಟು ನೆತ್ತಿಗೇರಿತು.

"ಇವತ್ತು ಕಿತ್ತು ಹಾಕಿದ್ದು ತಿಂತು. ನಾಳೆ ಹಗ್ಗ ಬಿಚ್ಚಿಕೊಂಡು ತಾನೇ ಬಂದು ತಿನ್ನತ್ತೆ, ತುಳಿದು ಹಾಳು ಮಾಡತ್ತೆ. ಇದು ಇನ್ನು ಈ ಮನೇಲಿ ಇರಕೂಡದು. ಬೆಳಿಗ್ಗೆ ನಿಮ್ಮಮ್ಮನ ಜೊತೇಲೇ ಹೊಡೆದು ಕಳಿಸು."

ಅಮ್ಮ ಅವರ ಕಾಲು ಹಿಡಿದಳು. ಬರಿಯ ಮಾತಿಗೆ ಹೇಳುತ್ತಿಲ್ಲ, ಸಗಣಿ ನೆಲದ ಮೇಲೆ ಕೂತು ಎರಡೂ ಕೈಯಿಂದ ಹಿಡಿದಳು. "ಉಲ್ಲು ತಿರುಗಾ ನೆಟ್ಟುಕೊಡ್ತೀನಿ, ನಾನೇ ನೆಡ್ತೀನಿ. ಅಸು ಒಂದು ಬಿಟ್ಬಿಡ್ರಿ. ಎರಡು ವರ್ಸ ಅದರ ಸಗಣಿ ಆಕಿದ್ದಕ್ಕಲ್ವಾ ಇದು ಮಣ್ಣಾಗಿದ್ದು."

"ಈಗ ಮಣ್ಣಾಯ್ತಲ್ಲ" ಅಂದರು ಅಪ್ಪ.

ಇಷ್ಟು ವರ್ಷದಲ್ಲಿ ನಾನು ಬೇಕಾದಷ್ಟು ಕೆಟ್ಟ ಮಾತು ಕೇಳಿದ್ದೇನೆ. ಇಷ್ಟು ಕೆಟ್ಟದ್ದನ್ನು ಕೇಳಿಲ್ಲ. ಕಾಲು ಕೊಡವಿಕೊಂಡು ಒಳಗೆ ಹೋಗಿ ಊಟಕ್ಕೆ ಕೂತರು, ಅಮ್ಮ ಕೈ ತೊಳೆದುಕೊಂಡು ಬಂದು ಬಡಿಸಿದಳು. ಅದು ನನಗೆ ಇನ್ನೂ ಸಹಿಸಲಾಗದ ಸಂಗತಿ. ಬಡಿಸಬಾರದಿತ್ತು.

ಬೆಳಿಗ್ಗೆ ಅಜ್ಜಿ ಹಸುವಿನ ಹಗ್ಗ ಹಿಡಿದು ನಡೆದೇ ಹೊರಟಳು. ತಾನು ಮಾಡಿದ ತಪ್ಪೇನು ಅಂತ ಅವಳಿಗೆ ಪೂರ್ತಿ ಅರ್ಥವಾಗಿರಲಿಲ್ಲ. ಗರಿಕೆಯನ್ನು ಬೇಕು ಅಂತ ನೆಡುತ್ತಾರೆ ಅನ್ನುವುದನ್ನು ಅವಳು ಸಾಯುವವರೆಗೂ ನಂಬಲಿಲ್ಲ. ಅಮ್ಮ ಆಂಡರ್ಸನ್‌ಪೇಟೆ ಮುಗಿಯುವವರೆಗೆ ಹಸುವಿನ ಪಕ್ಕದಲ್ಲೇ ನಡೆದಳು, ನಾನು ಹಿಂದೆ. ಲೈನಿನ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಎಲ್ಲಿಗೆ ಅಂತ ಒಬ್ಬಳು ತಮಿಳಿನಲ್ಲಿ ಕೇಳಿದಳು, ಮೇಯಲು ಅಂದಳು ಅಮ್ಮ. ಆಮೇಲೆ ಮಜ್ಜಿಗೆಗೆ ಬರುವವರಿಲ್ಲ, ಹಿತ್ತಲ ಕಟ್ಟೆಯ ಮೇಲೆ ಕೂರುವವರಿಲ್ಲ. ಆ ಊರಿನಲ್ಲಿ ಅಮ್ಮನನ್ನು ಕೂಗಿ ಕರೆಯುವವರೇ ಇಲ್ಲವಾದರು.

ದೊರೆಯ ಟೀ ಮುಂದಕ್ಕೆ ಹೋಯಿತು. ಅಪ್ಪ ಇನ್ನೊಂದು ಗೋಣಿ ಗರಿಕೆ ತಂದರು, ಅಮ್ಮನೇ ನೆಟ್ಟಳು. ಎರಡನೆಯ ಸಲದ ಹುಲ್ಲು ಮೊದಲಿನದಕ್ಕಿಂತ ದಟ್ಟವಾಗಿ ಬಂತು. ದೊರೆ ಒಂದು ಸಂಜೆ ನಿಜವಾಗಿಯೂ ಬಂದ. ಕುರ್ಚಿಗಳನ್ನು ಪಕ್ಕದ ಮನೆಯಿಂದ ತಂದು ಹಾಕಿದ್ದೆವು. ಅವನು ಬೂಟುಗಾಲಿನಲ್ಲಿ ಹುಲ್ಲಿನ ಮೇಲೆ ಅಡ್ಡಾಡಿದ, ಜೊತೆಗೆ ಬಂದಿದ್ದ ಅವನ ನಾಯಿ ಒಂದು ಮೂಲೆಯನ್ನು ಕೆರೆದು ಗುಂಡಿ ಮಾಡಿತು, ಅಪ್ಪ ನಾಯಿಯನ್ನು ನೋಡಿ ನಕ್ಕರು. ದೊರೆ ಕೂರಲಿಲ್ಲ, ಟೀ ಕುಡಿಯಲಿಲ್ಲ. ಏನೋ ಎರಡು ಮಾತು ಹೇಳಿ ಹೊರಟುಹೋದ. ನಮಗಂತೂ ಆ ಹುಲ್ಲಿನ ಮೇಲೆ ಕಾಲಿಡಲು ಅಪ್ಪಣೆಯಿರಲಿಲ್ಲ, ಅಂಚಿನಲ್ಲೇ ನಡೆದು ಮನೆಗೆ ಹೋಗುತ್ತಿದ್ದೆವು.

ನಾಲ್ಕೈದು ವರ್ಷ ಹೀಗೆ ಹೋಯಿತು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ಅಕ್ಕಿ ರಾಗಿ ಸಿಕ್ಕುವುದು ಕಷ್ಟವಾಯಿತು, ಸಿಕ್ಕಿದ್ದರಲ್ಲಿ ಕಲ್ಲು. ಎಲ್ಲರೂ ತಮ್ಮ ತಮ್ಮ ಕಾಂಪೌಂಡಿನಲ್ಲಿ ತರಕಾರಿ ಬೆಳೆದುಕೊಳ್ಳಬೇಕು ಅಂತ ಮಾತು ಹುಟ್ಟಿತು. ಅಪ್ಪನ ದೊರೆ ತನ್ನ ಲಾನನ್ನು ಅಗೆಸಿ ಆಲೂಗಡ್ಡೆ ಹಾಕಿಸಿದ. ಆಫೀಸಿನಲ್ಲಿ ಅಪ್ಪನನ್ನು ನಿಲ್ಲಿಸಿ, ನಿನ್ನದೂ ಒಳ್ಳೆಯ ಜಾಗ ಇದೆಯಲ್ಲ, ಏನಾದರೂ ಬೆಳೆ ಅಂದನಂತೆ. ಬಿಸಾಕಿದ ಹಾಗೆ ಹೇಳಿದ ಒಂದು ಮಾತು ಅದು.

ಅಪ್ಪ ಆ ಸಂಜೆ ಮನೆಗೆ ಬಂದವರು ಕಾಫಿಗೂ ಕೂರಲಿಲ್ಲ. ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಸ್ವತಃ ಗುದ್ದಲಿ ಹಿಡಿದು ಅಂಗಳಕ್ಕೆ ಇಳಿದರು. ಕತ್ತಲಾಗುವುದರೊಳಗೆ ಲಾನಿಲ್ಲ. ಯಾವ ಹುಲ್ಲಿಗಾಗಿ ನಮಗೆ ಬಿಸಿನೀರಿಲ್ಲ, ಯಾವ ಹುಲ್ಲಿಗಾಗಿ ಅಜ್ಜಿ ಕಳ್ಳಿಯ ಹಾಗೆ ಬಾಗಿಲ ಹಿಂದೆ ನಿಂತಳು, ಯಾವ ಹುಲ್ಲಿಗಾಗಿ ಅಮ್ಮ ಸಗಣಿಯಲ್ಲಿ ಕೂತು ಕಾಲು ಹಿಡಿದಳು, ಅದನ್ನೆಲ್ಲ ಮಗುಚಿ ಬೇರು ಆರಿಸಿ ಗುಡ್ಡೆ ಹಾಕಿ ಬೆಂಕಿಯಿಟ್ಟರು. ಅಮ್ಮ ಒಂದು ಮೂಲೆ ಕೇಳಿದ್ದಳು. ದೊರೆಯ ಅರ್ಧ ಮಾತಿಗೆ ಇಡೀ ಅಂಗಳ ಹೋಯಿತು. ನಾನು ಆಗ ಮದುವೆಗೆ ಬಂದ ಹುಡುಗಿ. ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಅಪ್ಪನ ಕೈಯಿಂದ ಗುದ್ದಲಿ ಕಿತ್ತುಕೊಂಡು ಕೇಳಬೇಕು ಅನ್ನಿಸಿತು. ಅಮ್ಮ ನನ್ನ ರಟ್ಟೆ ಹಿಡಿದುಕೊಂಡಿದ್ದಳು.

ಬದನೆ, ಟೊಮೇಟೊ, ದಂಟು, ಮೂಲಂಗಿ, ಏನು ಹಾಕಿದರೂ ಬಂತು. ಅಂಥ ಫಸಲು ಆ ಸಾಲಿನಲ್ಲಿ ಯಾರ ಮನೆಯಲ್ಲೂ ಬರಲಿಲ್ಲ, ದೊರೆಯ ಬಂಗಲೆಯಲ್ಲೂ ಬರಲಿಲ್ಲ. ಅಪ್ಪ ಮೊದಲ ಬುಟ್ಟಿಯನ್ನು ದೊರೆಗೆ ಒಪ್ಪಿಸಿದರು. ಈ ಜೇಡಿಮಣ್ಣಿನ ಊರಿನಲ್ಲಿ ಇದನ್ನು ಹೇಗೆ ಬೆಳೆದೆ ಅಂತ ಅವನು ಕೇಳಿದನಂತೆ. ಮಣ್ಣನ್ನು ಹದ ಮಾಡಿಕೊಂಡೆ ಅಂತ ಹೇಳಿದೆ ಅಂದರು ಅಪ್ಪ, ಮನೆಗೆ ಬಂದು, ಎದೆ ಉಬ್ಬಿಸಿಕೊಂಡು. ಮಾಡಿಕೊಂಡೆ ಅಂದರು. ಜಗುಲಿಯ ಮೇಲೆ ಬಂದುಹೋಗುವ ಆಫೀಸಿನವರಿಗೆಲ್ಲ ಹೊಂಗೆ ಸೊಪ್ಪು, ಸಿಪ್ಪೆ, ಹೆಂಟೆ ಅಂತ ವಿವರಿಸಿದರು. ಅಮ್ಮ ಒಳಗಿನಿಂದ ಅವರಿಗೆಲ್ಲ ಕಾಫಿ ಕಳಿಸುತ್ತಿದ್ದಳು.

ಎರಡನೆಯ ಬೆಳೆಗೆ ಮಣ್ಣು ಸ್ವಲ್ಪ ಸೊರಗಿತು. ಗಿಡದ ಎಲೆ ಹಳದಿ ತಿರುಗಿದವು. ಗೊಬ್ಬರ ಬೇಕಾಗಿತ್ತು, ಯುದ್ಧದ ಕಾಲದಲ್ಲಿ ಗೊಬ್ಬರದ ಗಾಡಿಯೂ ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಪ್ಪ ಆಫೀಸಿಗೆ ಹೊರಟವರು ರುಮಾಲು ಸರಿಮಾಡಿಕೊಳ್ಳುತ್ತ ಅಮ್ಮನಿಗೆ ಹೇಳಿದರು. ಅವರ ದನಿಯಲ್ಲಿ ಏನೋ ದೊಡ್ಡ ಉಪಕಾರ ಮಾಡುತ್ತಿರುವ ಸಂತೋಷವಿತ್ತು.

"ನಿನ್ನ ಹಸು ಇನ್ನೂ ಇದೆಯಲ್ಲ ನಿಮ್ಮೂರಲ್ಲಿ? ಕರು ಹಾಕಿದೆ ಅಂತ ನಿಮ್ಮಣ್ಣ ಹೇಳ್ತಿದ್ದ. ಹೊಡಕೊಂಡು ಬರೋಕೆ ಹೇಳಿ ಕಳಿಸು. ಕೊಟ್ಟಿಗೆ ಖಾಲಿ ಬಿದ್ದಿದೆ. ಗೊಬ್ಬರಕ್ಕಾಗತ್ತೆ."

ನಾನು ಅಮ್ಮನ ಮುಖ ನೋಡಿದೆ. ಈ ಮಾತಿಗಾಗಿ ಅವಳು ಎಷ್ಟು ಕಾದಿದ್ದಳು ಅಂತ ನನಗೆ ಗೊತ್ತಿತ್ತು. ತವರಿನಿಂದ ಯಾರು ಬಂದರೂ ಮೊದಲು ಹಸುವನ್ನು ಕೇಳಿ, ಆಮೇಲೆ ಮನೆಯವರನ್ನು ಕೇಳುತ್ತಿದ್ದಳು. ಖಾಲಿ ಕೊಟ್ಟಿಗೆಯನ್ನು ಹಬ್ಬಕ್ಕೊಮ್ಮೆ ಸಾರಿಸುತ್ತಿದ್ದಳು. ಅವಳು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

"ಬ್ಯಾಡ" ಅಂದಳು.

"ಯಾಕೆ?"

"ಅಲ್ಲಿ ಚೆನ್ನಾಗೈತೆ. ಇನ್ನೊಂದ್ಸಲ ಇಲ್ಲಿಂದ ಓಡಿಸ್ಕೊಳ್ಳಾಕೆ ಅದು ಬರಾಕಿಲ್ಲ."

ಅಪ್ಪ, ಹೆಂಗಸರಿಗೆ ಯಾವಾಗ ಏನು ಬೇಕು ಅನ್ನುವುದೇ ತಿಳಿಯುವುದಿಲ್ಲ ಅಂತ ಗೊಣಗಿ ಹೊರಟುಹೋದರು. ಅವರಿಗೆ ಆವತ್ತೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಮದುವೆಯಾದಂದಿನಿಂದ ಅಮ್ಮ ಅವರಿಗೆ ಬೇಡ ಅಂದದ್ದು ಅದೊಂದೇ ಸಲ. ಬೇಡ ಅಂದದ್ದು ಅವಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿದ್ದ ಹಸುವನ್ನು.